ಮಳೆಯಲ್ಲಿ ಹೆಲ್ಮೆಟ್ ವೈಸರ್, ಕಾರಿನ ಗಾಜು ಮಬ್ಬಾಗದಂತೆ ನೋಡಿಕೊಳ್ಳುವುದು ಹೇಗೆ?

ಮಳೆಯಲ್ಲಿ ಗಾಡಿ ಓಡಿಸುವಾಗ ಎದುರಿನ ಗಾಜು ಮಬ್ಬಾದರೆ ಸಾಮಾನ್ಯವಾಗಿ ಎಲ್ಲರೂ ಮಾಡುವುದು ಒಂದೇ ಕೆಲಸ, ಕೈಗೆ ಸಿಕ್ಕಿದ್ದರಲ್ಲಿ ಒರೆಸುವುದು. ಒರೆಸಿದ ಮೇಲೆ ಸ್ವಲ್ಪ ಹೊತ್ತು ಕಾಣುತ್ತದೆ. ಆಮೇಲೆ ಮತ್ತೆ ಅದೇ ಕಥೆ. ಮಬ್ಬು ಯಾವ ಬದಿಯಲ್ಲಿದೆ, ಯಾಕೆ ಬಂತು ಅಂತ ನೋಡದೆ ಸುಮ್ನೆ ಒರೆಸುವುದರಿಂದ ಹೀಗಾಗುತ್ತದೆ. ಹೊರಗೆ ಕೂತಿರುವುದು ಮಳೆಹನಿ. ಒಳಗೆ ಕೂತಿರುವುದು ಹಬೆ. ಎರಡೂ ನೀರೇ, ಆದರೆ ಪರಿಹಾರ ಪೂರ್ತಿ ಉಲ್ಟಾ. ಹೊರಗಿನ ನೀರು ಗಾಜಿಗೆ ಅಂಟದೆ ಜಾರಿಹೋಗಬೇಕು. ಒಳಗಿನ ನೀರು ಗಾಜಿಗೆ ಅಂಟಿಕೊಂಡು ತೆಳ್ಳಗೆ ಹರಡಬೇಕು. ಈ ಬರಹದಲ್ಲಿ ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

## ಮೊದಲು ಬೆರಳಿಟ್ಟು ನೋಡಿ

ಗಾಡಿ ನಿಂತಿದ್ದಾಗ ಗಾಜಿನ ಒಳಬದಿಯಲ್ಲಿ ಒಂದು ಬೆರಳು ಎಳೆಯಿರಿ. ಗೆರೆ ಬಿದ್ದು ಅದರಾಚೆ ಸ್ಪಷ್ಟವಾಗಿ ಕಂಡರೆ ಅದು ಒಳಗಿನ ಹಬೆ. ಏನೂ ಬದಲಾಗದಿದ್ದರೆ ಹೊರಗಿನದು. ಕಾರಿನಲ್ಲಿ ಇನ್ನೂ ಸುಲಭ. ವೈಪರ್ ಒಂದು ಸಲ ಹಾಕಿ, ಮಬ್ಬು ಹೋದರೆ ಅದು ಹೊರಗಿತ್ತು ಅಂತ ಅರ್ಥ.

ಇವೆರಡೂ ಅಲ್ಲದ ಮೂರನೆಯ ಕಾರಣವೊಂದಿದೆ. ಅದು ಜಿಡ್ಡು. ಮುಂದಿನ ಗಾಡಿಗಳ ಹೊಗೆ, ರಸ್ತೆಯ ಎಣ್ಣೆ, ಕೈಯ ಬೆವರು, ಪಾಲಿಶ್, ಹೀಗೆ ಎಲ್ಲ ಸೇರಿ ಗಾಜಿನ ಮೇಲೆ ತೆಳುವಾದ ಪದರ ಕಟ್ಟುತ್ತದೆ. ಹಗಲಲ್ಲಿ ಇದು ಗೊತ್ತೇ ಆಗುವುದಿಲ್ಲ. ರಾತ್ರಿ ಮಳೆಯಲ್ಲಿ ಎದುರಿನ ಹೆಡ್‌ಲೈಟ್ ಬಿದ್ದಾಗ ಬೆಳಕು ಗಾಜಿನ ತುಂಬ ಹರಡಿಕೊಂಡು ರಸ್ತೆಯೇ ಮಾಯವಾಗುತ್ತದೆ. ಸಣ್ಣ ಗೀರುಗಳೂ ಹೀಗೇ ಮಾಡುತ್ತವೆ. ವ್ಯತ್ಯಾಸ ಇಷ್ಟೇ: ಜಿಡ್ಡು ತೊಳೆದರೆ ಹೋಗುತ್ತದೆ, ಗೀರು ಹೋಗುವುದಿಲ್ಲ.

## ಹನಿ ಯಾಕೆ ತೊಂದರೆ, ಹಬೆ ಯಾಕೆ ತೊಂದರೆ

ಗಾಜಿನ ಮೇಲಿನ ಪ್ರತಿ ಮಳೆಹನಿಯೂ ಒಂದು ಪುಟ್ಟ ಮಸೂರ. ಬೆಳಕನ್ನು ಬಾಗಿಸಿ ಬೇರೆ ಕಡೆ ಕಳಿಸುತ್ತದೆ. ಗಾಜು ಜಿಡ್ಡಾಗಿದ್ದರೆ ಹನಿಗಳು ಒಂದೊಂದು ಆಕಾರದಲ್ಲಿ ಚಪ್ಪಟೆಯಾಗಿ ಅಂಟಿಕೊಂಡು ಅಲ್ಲೇ ಕೂರುತ್ತವೆ. ನೀರನ್ನು ದೂರ ತಳ್ಳುವ ಲೇಪ ಹಚ್ಚಿದರೆ ಅದೇ ನೀರು ತಾವರೆ ಎಲೆಯ ಮೇಲಿನ ಹಾಗೆ ಗುಂಡಾಗುತ್ತದೆ, ಗಾಳಿಗೆ ಉರುಳಿ ಹೋಗುತ್ತದೆ.

ಒಳಗಿನ ಕಥೆ ಬೇರೆ. ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಬಿಸಿ ಇರುತ್ತದೆ, ತೇವವೂ ತುಂಬಿರುತ್ತದೆ. ಮಳೆಗೆ ತಣ್ಣಗಾದ ವೈಸರ್‌ಗೆ ಅದು ತಾಗಿದ ತಕ್ಷಣ ತೇವ ನೀರಾಗುತ್ತದೆ, ಕಣ್ಣಿಗೆ ಕಾಣದಷ್ಟು ಸಣ್ಣ ಲಕ್ಷಾಂತರ ಹನಿಗಳಾಗಿ. ಅವು ಬೆಳಕನ್ನು ಚದುರಿಸುವುದರಿಂದ ಬಿಳಿ ಪರದೆ ಬಿದ್ದ ಹಾಗೆ ಕಾಣುತ್ತದೆ. ಅಷ್ಟೇ ನೀರು ಹನಿಯಾಗದೆ ಒಂದು ತೆಳು ಪದರವಾಗಿ ಹರಡಿದರೆ? ಆರಪಾರ ಕಾಣುತ್ತದೆ. ಹಬೆ ತಡೆಯುವ ಲೇಪಗಳೆಲ್ಲ ಮಾಡುವುದು ಇದನ್ನೇ. ಹಾಗಾಗಿ ಹೊರಗೆ ಹಚ್ಚುವ ಮಳೆ ಲೇಪವನ್ನು ಒಳಗೂ ಹಚ್ಚಿದರೆ ಹಬೆ ಕಡಿಮೆಯಾಗುವುದಿಲ್ಲ, ಜಾಸ್ತಿಯೇ ಆಗುತ್ತದೆ. ಡಬ್ಬದ ಮೇಲೆ ಏನಿದೆ ಅಂತ ಓದಿಯೇ ಹಚ್ಚಿ.

## ವೈಸರ್ ತೊಳೆಯುವ ಸರಿಯಾದ ರೀತಿ

ಯಾವ ಲೇಪ ಹಚ್ಚುವುದಾದರೂ ಮೊದಲು ತೊಳೆಯಲೇಬೇಕು. ವೈಸರ್ ಅನ್ನುವುದು ಗಾಜಲ್ಲ, ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್. ಪೆಟ್ಟು ಚೆನ್ನಾಗಿ ತಡೆಯುತ್ತದೆ, ಗೀರು ತಡೆಯುವುದಿಲ್ಲ. ಅದಕ್ಕೆಂದೇ ಮೇಲೆ ಒಂದು ಗಟ್ಟಿ ಲೇಪ ಕೊಟ್ಟಿರುತ್ತಾರೆ. ಅದು ಕೆಟ್ಟರೆ ವೈಸರ್ ಆಯಸ್ಸು ಮುಗಿಯಿತು.

1. ವೈಸರ್ ಅನ್ನು ಹೆಲ್ಮೆಟ್‌ನಿಂದ ಬಿಚ್ಚಿ. ಸಿಕ್ಕಿಸಿಕೊಂಡೇ ತೊಳೆದರೆ ಅಂಚಿನ ಕೊಳೆ ಹೋಗುವುದಿಲ್ಲ, ನೀರು ಹೆಲ್ಮೆಟ್ ಒಳಗೂ ಇಳಿಯುತ್ತದೆ.

2. ಒದ್ದೆ ಬಟ್ಟೆಯನ್ನು ಅದರ ಮೇಲೆ ಹೊದಿಸಿ ಹತ್ತು ನಿಮಿಷ ಬಿಡಿ. ಅಂಟಿಕೊಂಡು ಒಣಗಿದ ಹುಳ, ಕೆಸರು ಎಲ್ಲ ನೆನೆದು ಮೆತ್ತಗಾಗುತ್ತದೆ.

3. ನಲ್ಲಿ ಕೆಳಗೆ ಹಿಡಿದು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಅಥವಾ ಮಕ್ಕಳ ಶಾಂಪೂ ಹಾಕಿ ಬೆರಳ ತುದಿಯಿಂದ ಮೆಲ್ಲಗೆ ಉಜ್ಜಿ. ಇಲ್ಲಿ ಬಟ್ಟೆ, ಸ್ಪಂಜು ಬೇಡ. ಒಂದೇ ಒಂದು ಮರಳಿನ ಕಣ ಸಿಕ್ಕಿದರೂ ಬೆರಳಿಗೆ ತಿಳಿಯುತ್ತದೆ, ಅಲ್ಲೇ ನಿಲ್ಲಿಸಿ ನೀರು ಬಿಡಬಹುದು. ಬಟ್ಟೆಯಾದರೆ ಆ ಕಣವನ್ನು ಹಿಡಿದುಕೊಂಡು ವೈಸರ್ ಉದ್ದಕ್ಕೂ ಎಳೆಯುತ್ತದೆ.

4. ಎರಡೂ ಬದಿ ತೊಳೆದು, ನೀರು ಕೊಡವಿ, ಶುಭ್ರವಾದ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ. ತಿಕ್ಕಬೇಡಿ.

5. ಒಣಗಿದ ಮೇಲೆ ಒಂದು ದೀಪದ ಎದುರು ಓರೆಯಾಗಿ ಹಿಡಿದು ನೋಡಿ. ಬೆಳಕಿನ ಸುತ್ತ ಸಣ್ಣ ಸಣ್ಣ ಕಮಾನು ಗೆರೆಗಳು ಕಂಡರೆ ಅವು ಗೀರು. ಕಣ್ಣಿನ ನೇರಕ್ಕೆ ಅವು ದಟ್ಟವಾಗಿದ್ದರೆ ಹೊಸ ವೈಸರ್ ತರುವುದೇ ಸರಿ. ಯಾವ ಪಾಲಿಶ್ ಹಾಕಿದರೂ ಅದು ಮೊದಲಿನಂತೆ ಆಗುವುದಿಲ್ಲ.

ಪೆಟ್ರೋಲ್, ಥಿನ್ನರ್, ಅಸಿಟೋನ್, ಅಮೋನಿಯಾ ಇರುವ ಗಾಜಿನ ಸ್ಪ್ರೇ, ಇವು ಯಾವುದನ್ನೂ ವೈಸರ್‌ಗೆ ಮುಟ್ಟಿಸಬೇಡಿ. ಪಾಲಿಕಾರ್ಬನೇಟ್ ಇವುಗಳಿಂದ ಮಂಕಾಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಟೂತ್‌ಪೇಸ್ಟ್ ಹಚ್ಚಿದರೆ ಗೀರು ಹೋಗುತ್ತದೆ ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತಿರುತ್ತದೆ. ಟೂತ್‌ಪೇಸ್ಟ್‌ನಲ್ಲಿ ಉಜ್ಜುವ ಪುಡಿ ಇರುತ್ತದೆ. ಅದು ಒಂದು ದೊಡ್ಡ ಗೀರಿನ ಜಾಗದಲ್ಲಿ ನೂರು ಸಣ್ಣ ಗೀರು ಮಾಡುತ್ತದೆ, ಲೇಪವನ್ನೂ ಕಿತ್ತುಹಾಕುತ್ತದೆ. ದಯವಿಟ್ಟು ಬೇಡ. ಹಾಕಿಕೊಂಡ ಶರ್ಟಿನ ತುದಿಯಲ್ಲಿ ಒಣ ವೈಸರ್ ಒರೆಸುವುದೂ ಅಷ್ಟೇ ಕೆಟ್ಟದ್ದು.

## ವೈಸರ್ ಒಳಗಿನ ಹಬೆ

ನನ್ನ ಪ್ರಕಾರ ಇದಕ್ಕೆ ಅತ್ಯುತ್ತಮ ಪರಿಹಾರ ಪಿನ್‌ಲಾಕ್. ವೈಸರ್ ಒಳಬದಿಗೆ ಕೂರಿಸುವ ಇನ್ನೊಂದು ತೆಳು ಹಾಳೆ ಇದು. ಅಂಚಿನ ಸುತ್ತ ಸಿಲಿಕಾನ್ ಪಟ್ಟಿ ಇರುತ್ತದೆ. ಹಾಳೆ ಮತ್ತು ವೈಸರ್ ನಡುವೆ ಗಾಳಿ ಸಿಕ್ಕಿಕೊಂಡು ಒಳಗಿನ ಹಾಳೆ ಹೊರಗಿನಷ್ಟು ತಣ್ಣಗಾಗುವುದಿಲ್ಲ. ಜೊತೆಗೆ ಆ ಹಾಳೆಗೆ ತೇವ ಹೀರುವ ಗುಣವೂ ಇದೆ. 30, 70, 120 ಅಂತ ಬೇರೆ ಬೇರೆ ದರ್ಜೆ ಬರುತ್ತವೆ. ಸಂಖ್ಯೆ ದೊಡ್ಡದಾದಷ್ಟು ಹೆಚ್ಚು ಹೊತ್ತು ತಡೆಯುತ್ತದೆ. ಆದರೆ ಎಲ್ಲ ವೈಸರ್‌ಗೂ ಹಾಕಲು ಬರುವುದಿಲ್ಲ. ಎರಡೂ ಪಕ್ಕದಲ್ಲಿ ಅದಕ್ಕೆಂದೇ ಪುಟ್ಟ ಪಿನ್ ಇರಬೇಕು. ಹೆಲ್ಮೆಟ್ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳಿ.

ಪಿನ್‌ಲಾಕ್ ಹಾಕಿದ ಮೇಲೂ ಹಬೆ ಬರುತ್ತದೆ ಅನ್ನುವವರು ಮೊದಲು ಸಿಲಿಕಾನ್ ಪಟ್ಟಿ ನೋಡಬೇಕು. ವೈಸರ್ ಹೊರಗಿನಿಂದ ನೋಡಿದರೆ ಪಟ್ಟಿ ಸುತ್ತಲೂ ಒಂದೇ ಸಮ ಒತ್ತಿಕೊಂಡ ಗೆರೆಯಂತೆ ಕಾಣಬೇಕು. ಎಲ್ಲೋ ಒಂದು ಕಡೆ ಗೆರೆ ತುಂಡಾಗಿದ್ದರೆ ಅಲ್ಲಿಂದ ತೇವ ಒಳಗೆ ಹೋಗಿ ಎರಡರ ನಡುವೆ ಮಬ್ಬು ಕೂರುತ್ತದೆ. ಪಿನ್‌ಗಳು ಗುಂಡಗಿದ್ದಂತೆ ಕಂಡರೂ ಸಾಮಾನ್ಯವಾಗಿ ನಡುಬಿಂದು ಸ್ವಲ್ಪ ಸರಿದಿರುತ್ತದೆ. ಅಂಥವನ್ನು ಸ್ವಲ್ಪ ತಿರುಗಿಸಿದರೆ ಹಾಳೆ ಬಿಗಿಯಾಗುತ್ತದೆ. ಜಾಸ್ತಿ ಬಿಗಿ ಮಾಡಿದರೆ ಹಾಳೆ ಬಾಗಿ ಇನ್ನೊಂದು ಕಡೆ ಬಿಡುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಈ ಹಾಳೆ ತುಂಬ ಮೆತ್ತಗಿರುತ್ತದೆ. ನೀರು ಮತ್ತು ಸೌಮ್ಯವಾದ ಸೋಪು ಬಿಟ್ಟು ಬೇರೇನೂ ತಾಗಿಸಬೇಡಿ. ತೊಳೆದ ಮೇಲೆ ತಾನಾಗಿ ಒಣಗಲು ಬಿಡಿ.

ಪಿನ್‌ಲಾಕ್ ಇಲ್ಲದಿದ್ದರೆ ಹಬೆ ತಡೆಯುವ ಸ್ಪ್ರೇ ಇದೆ. ಪ್ಲಾಸ್ಟಿಕ್‌ಗೆ ಹಾಕಬಹುದು ಅಂತ ಬರೆದಿರುವುದನ್ನೇ ತನ್ನಿ. ಅದೂ ಇಲ್ಲ ಅಂದರೆ ಮನೆಯ ಸೋಪು ಸಾಕು. ಶುಭ್ರವಾದ ಒಣ ವೈಸರ್ ಒಳಬದಿಗೆ ಒಂದು ಹನಿ ಲಿಕ್ವಿಡ್ ಸೋಪು ಇಟ್ಟು ಬೆರಳಿಂದ ಪೂರ್ತಿ ಹರಡಿ. ನೀರಲ್ಲಿ ತೊಳೆಯಬೇಡಿ. ಒಂದು ನಿಮಿಷ ಬಿಟ್ಟು ಮೈಕ್ರೋಫೈಬರ್ ಬಟ್ಟೆಯಿಂದ, ಸೋಪಿನ ಗೆರೆ ಕಾಣದಷ್ಟು ಮೆಲ್ಲಗೆ ಒರೆಸಿ. ಕಣ್ಣಿಗೆ ಕಾಣದ ಒಂದು ಪದರ ಉಳಿಯುತ್ತದೆ, ಕೆಲಸ ಮಾಡುವುದು ಅದೇ. ಹೆಚ್ಚು ದಿನ ಬಾಳುವುದಿಲ್ಲ, ಒಂದೆರಡು ಸಲ ಹಬೆ ಕೂತು ಇಳಿದರೆ ಮತ್ತೆ ಹಚ್ಚಬೇಕು. ಕಂಪನಿಯವರೇ ಹಬೆ ತಡೆಯುವ ಲೇಪ ಕೊಟ್ಟಿರುವ ವೈಸರ್‌ಗೆ ಮಾತ್ರ ಇದು ಯಾವುದೂ ಬೇಡ. ಅದರ ಲೇಪವೇ ಹಾಳಾಗುತ್ತದೆ.

ಲೇಪಕ್ಕಿಂತ ಮೊದಲು ಗಮನಿಸಬೇಕಾದ್ದು ಗಾಳಿ. ಮಳೆ ಬಂತೆಂದರೆ ಹೆಲ್ಮೆಟ್‌ನ ಗಾಳಿ ಕಿಂಡಿಗಳನ್ನೆಲ್ಲ ಮುಚ್ಚುವ ಅಭ್ಯಾಸ ತುಂಬ ಜನಕ್ಕಿದೆ. ಗದ್ದದ ಬಳಿಯ ಕಿಂಡಿಯನ್ನು ಮುಚ್ಚಲೇಬೇಡಿ. ಅಲ್ಲಿಂದ ಬಂದ ಗಾಳಿ ವೈಸರ್ ಒಳಬದಿಯನ್ನು ಸವರಿಕೊಂಡು ಮೇಲೆ ಹೋಗುತ್ತದೆ. ಹಿಂದಿನ ಕಿಂಡಿ ತೆರೆದಿದ್ದರೆ ತೇವ ಹೊರಗೆ ಹೋಗಲು ದಾರಿಯಾಗುತ್ತದೆ. ನೆತ್ತಿಯ ಕಿಂಡಿಯಿಂದ ನೀರು ಬರುತ್ತಿದ್ದರೆ ಅದನ್ನೊಂದು ಮುಚ್ಚಿ. ಮೂಗಿನ ಮೇಲೆ ಸಿಕ್ಕಿಸುವ ಉಸಿರು ತಡೆ ಇದ್ದರೆ ಹಾಕಿಕೊಳ್ಳಿ, ಉಸಿರು ಕೆಳಕ್ಕೆ ಹೋಗುತ್ತದೆ. ಗದ್ದದ ಕೆಳಗಿನ ಬಟ್ಟೆಯ ಪರದೆ ಚಳಿಗೆ ಒಳ್ಳೆಯದು, ಆದರೆ ಗಾಳಿಯನ್ನೂ ತಡೆಯುತ್ತದೆ. ಮಳೆಯಲ್ಲಿ ಹಬೆ ಜಾಸ್ತಿಯಾದರೆ ಅದನ್ನು ಬಿಚ್ಚಿ ನೋಡಿ.

ಸಿಗ್ನಲ್‌ನಲ್ಲಿ ನಿಂತಾಗ ಗಾಳಿ ಇರುವುದಿಲ್ಲ, ಹಬೆ ಬೇಗ ಕೂರುತ್ತದೆ. ನಿಲ್ಲುವ ಸ್ವಲ್ಪ ಮೊದಲೇ ವೈಸರ್ ಒಂದು ಹಲ್ಲು, ಅಂದರೆ ಟಿಕ್ ಅನ್ನುವ ಒಂದು ಹಂತ, ಮೇಲೆತ್ತಿ. ಹೊರಟು ವೇಗ ಹಿಡಿದ ಮೇಲೆ ಮುಚ್ಚಿ. ಹಬೆ ಕೂತ ಮೇಲೆ ತೆಗೆಯುವುದಕ್ಕಿಂತ ಕೂರದಂತೆ ನೋಡಿಕೊಳ್ಳುವುದು ಸುಲಭ. ಕನ್ನಡಕ ಹಾಕುವವರಿಗೆ ಕೆಲಸ ಎರಡು ಪಟ್ಟು, ಯಾಕೆಂದರೆ ಪಿನ್‌ಲಾಕ್ ವೈಸರ್ ಕಾಯುತ್ತದೆಯೇ ಹೊರತು ಕನ್ನಡಕ ಕಾಯುವುದಿಲ್ಲ. ಕನ್ನಡಕಕ್ಕೆ ಅಂತಲೇ ಮಾಡಿದ ಹಬೆ ತಡೆಯುವ ಬಟ್ಟೆ ಅಥವಾ ದ್ರವ ಬಳಸಿ, ಗಾಳಿಯ ಮಾತನ್ನು ಇನ್ನೂ ಗಟ್ಟಿಯಾಗಿ ಪಾಲಿಸಿ.

## ವೈಸರ್ ಹೊರಗಿನ ಹನಿ

ಕಾರಿನ ಗಾಜಿಗೆ ಹಾಕುವ ಮಳೆ ಲೇಪವನ್ನು ವೈಸರ್‌ಗೆ ಹಾಕಬೇಡಿ. ಅಂಥ ಹಲವು ಲೇಪಗಳಲ್ಲಿ ಆಲ್ಕೋಹಾಲ್‌ನಂಥ ದ್ರಾವಕ ಇರುತ್ತದೆ. ಗಾಜಿಗೆ ಅದರಿಂದ ಏನೂ ಆಗುವುದಿಲ್ಲ, ಆದರೆ ವೈಸರ್ ಪ್ಲಾಸ್ಟಿಕ್. ಪ್ಲಾಸ್ಟಿಕ್‌ಗೆ ಅಂತಲೇ ಬೇರೆ ಬರುತ್ತವೆ. ಹಚ್ಚುವಾಗ ಹೊರಬದಿಗೆ ಮಾತ್ರ ಹಚ್ಚಿ, ಒಣಗಿದ ಮೇಲೆ ಮಂಜಿನಂತೆ ಕಾಣುವ ಪದರವನ್ನು ಪೂರ್ತಿ ಒರೆಸಿ ತೆಗೆಯಿರಿ.

ಲೇಪ ಹಚ್ಚಿದ ಮಾತ್ರಕ್ಕೆ ಹನಿಗಳು ತಾವಾಗಿ ಓಡುವುದಿಲ್ಲ, ಗಾಳಿ ಬೇಕು. ವೇಗದಲ್ಲಿದ್ದಾಗ ತಲೆಯನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಓರೆ ಮಾಡಿದರೆ ಹನಿಗಳು ಪಕ್ಕಕ್ಕೆ ಸರಿದುಹೋಗುತ್ತವೆ. ಕಣ್ಣು ಮಾತ್ರ ರಸ್ತೆ ಮೇಲೇ ಇರಲಿ. ಊರೊಳಗಿನ ನಿಧಾನದ ಓಡಾಟದಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಕೈಯೇ ವೈಪರ್. ಮಳೆಗಾಲದ ಕೆಲವು ಗ್ಲೌಸ್‌ಗಳ ಎಡಗೈ ಬೆರಳಿಗೆ ರಬ್ಬರ್ ಅಂಚು ಹೊಲಿದಿರುತ್ತಾರೆ. ಬಲಗೈ ಆಕ್ಸಿಲರೇಟರ್ ಮೇಲಿರುತ್ತದಲ್ವಾ, ಅದಕ್ಕೇ ಎಡಗೈಗೆ. ಗ್ಲೌಸ್ ಬೆರಳ ಮೇಲೆ ಕೂರುವ ಪುಟ್ಟ ರಬ್ಬರ್ ಪಟ್ಟಿ ಬೇರೆಯಾಗಿಯೂ ಸಿಗುತ್ತದೆ. ಒಂದೇ ದಿಕ್ಕಿಗೆ, ಹಗುರವಾಗಿ ಎಳೆಯಿರಿ.

ಲಾರಿ, ಬಸ್ಸು ಹಾರಿಸಿದ ಕೆಸರು ನೀರು ಬಿದ್ದಾಗ ಮಾತ್ರ ತಕ್ಷಣ ಒರೆಸಬೇಡಿ. ಅದರಲ್ಲಿ ಮರಳಿರುತ್ತದೆ. ಮಳೆಯೇ ಸ್ವಲ್ಪ ತೊಳೆಯಲಿ, ಅಥವಾ ನಿಲ್ಲಿಸಿ ಬಾಟಲಿಯ ನೀರು ಸುರಿದು ಆಮೇಲೆ ಒರೆಸಿ.

ಒಳಬದಿಯಲ್ಲಿ ಹನಿಗಳೇ ಇಳಿಯುತ್ತಿದ್ದರೆ ಅದು ಹಬೆಯಲ್ಲ, ಸೋರಿಕೆ. ವೈಸರ್ ಮೇಲಂಚಿನ ರಬ್ಬರ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಒಂದು ಕಾಗದದ ಪಟ್ಟಿಯನ್ನು ರಬ್ಬರ್ ಮೇಲಿಟ್ಟು ವೈಸರ್ ಮುಚ್ಚಿ ಎಳೆದು ನೋಡಿ. ಹೀಗೆ ಅಂಚಿನುದ್ದಕ್ಕೂ ಮಾಡಿ. ಕಾಗದ ಸಲೀಸಾಗಿ ಜಾರಿ ಬಂದ ಜಾಗವೇ ಸೋರುವ ಜಾಗ. ಹಲವು ಹೆಲ್ಮೆಟ್‌ಗಳಲ್ಲಿ ವೈಸರ್ ಕೂರುವ ಪಕ್ಕದ ಪ್ಲೇಟಿನ ಸ್ಕ್ರೂ ಸಡಿಲಿಸಿ, ಪ್ಲೇಟನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ಮತ್ತೆ ಬಿಗಿ ಮಾಡಬಹುದು. ರಬ್ಬರ್ ಗಟ್ಟಿಯಾಗಿದ್ದರೆ ಹೊಸದು ಹಾಕಿಸಿ.

ಕಪ್ಪು ವೈಸರ್ ಬಗ್ಗೆ ಒಂದು ಮಾತು. ಹೆಲ್ಮೆಟ್‌ಗಳಿಗಾಗಿ ಇರುವ ವಿಶ್ವಸಂಸ್ಥೆಯ ಇಸಿಇ 22 ನಿಯಮದಲ್ಲಿ, ಶೇ 80ಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರ್ ಮೇಲೆ ಹಗಲಿಗೆ ಮಾತ್ರ ಅನ್ನುವ ಗುರುತು ಇರಬೇಕು. ಮೋಡ ಕವಿದ ಸಂಜೆ ಮಳೆ ರಾತ್ರಿಗಿಂತ ಕಡಿಮೆಯೇನಲ್ಲ. ಮಳೆಯ ದಿನ ತಿಳಿ ವೈಸರ್ ಹಾಕಿಕೊಂಡೇ ಹೊರಡಿ.

## ಬೈಕಿನ ವಿಂಡ್‌ಶೀಲ್ಡ್

ಇದಕ್ಕೆ ವೈಪರ್ ಇರುವುದಿಲ್ಲ. ಹಾಗಾಗಿ ಮಳೆಯಲ್ಲಿ ಇದರ ಮೂಲಕ ನೋಡಬಾರದು, ಇದರ ಮೇಲಿಂದ ನೋಡಬೇಕು. ಸೀಟಿನಲ್ಲಿ ನೇರ ಕೂತಾಗ ನಿಮ್ಮ ನೋಟ ಅದರ ಮೇಲಂಚಿಗಿಂತ ನಾಲ್ಕಾರು ಬೆರಳು ಮೇಲೆ ಹೋಗುವಷ್ಟು ಎತ್ತರ ಇರಲಿ. ಇದಕ್ಕಿಂತ ಎತ್ತರದ್ದಿದ್ದರೆ ವೈಸರ್ ಒಂದು, ಶೀಲ್ಡ್ ಒಂದು, ಹೀಗೆ ಹನಿಯ ಎರಡು ಪರದೆ ದಾಟಿ ನೋಡಬೇಕಾಗುತ್ತದೆ. ಇದೂ ಅಕ್ರಿಲಿಕ್ ಅಥವಾ ಪಾಲಿಕಾರ್ಬನೇಟ್, ತೊಳೆಯುವ ರೀತಿ ವೈಸರ್‌ನದೇ.

## ಕಾರಿನ ಗಾಜು: ಹೊರಗೆ

ಕಾರಿನ ಮುಂದಿನ ಗಾಜು ನಿಜವಾದ ಗಾಜು, ಸ್ವಲ್ಪ ಗಟ್ಟಿಯಾಗಿ ಉಜ್ಜಬಹುದು. ಸೋಪು ನೀರಲ್ಲಿ ತೊಳೆದ ಮೇಲೆ ಒಂದು ಮಗ್ಗು ಶುದ್ಧ ನೀರು ಸುರಿದು ನೋಡಿ. ನೀರು ಒಂದೇ ಹಾಳೆಯಂತೆ ಇಳಿದರೆ ಗಾಜು ಸ್ವಚ್ಛ. ಅಲ್ಲಲ್ಲಿ ಒಡೆದು ಹನಿಯಾದರೆ ಅಲ್ಲಿ ಜಿಡ್ಡೋ ಹಳೆಯ ಲೇಪವೋ ಉಳಿದಿದೆ. ಅಂಗೈಗೆ ತರಿತರಿ ಅನಿಸಿದರೆ ಗಾಡಿಗಳಿಗೆ ಬಳಸುವ ಕ್ಲೇ ಬಾರ್ (ಕೊಳೆ ಹಿಡಿದೆತ್ತುವ ಜೇಡಿಯಂಥ ಮೆತ್ತನೆ ಉಂಡೆ) ಅನ್ನು ಒದ್ದೆ ಗಾಜಿನ ಮೇಲೆ ಆಡಿಸಿ, ತೊಳೆದರೆ ಬರದ ಕಣಗಳೂ ಬರುತ್ತವೆ.

ಈಗ ವೈಪರ್. 1903ರಲ್ಲಿ ಅಮೆರಿಕದ ಮೇರಿ ಆಂಡರ್ಸನ್ ಪೇಟೆಂಟ್ ಪಡೆದ ವೈಪರ್ ಅನ್ನು ಒಳಗೆ ಕೂತು ಕೈಯಲ್ಲಿ ಆಡಿಸಬೇಕಿತ್ತು. ಮೋಟಾರು ಆಮೇಲೆ ಬಂತು, ಆದರೆ ಕೆಲಸ ಮಾಡುವುದು ಇವತ್ತಿಗೂ ಒಂದು ರಬ್ಬರ್ ಅಂಚೇ. ಆ ಅಂಚು ಕೆಟ್ಟರೆ ಕಾರು ಎಷ್ಟು ದುಬಾರಿಯದಾದರೂ ಅಷ್ಟೇ. ವೈಪರ್ ಬಿಟ್ಟುಹೋಗುವ ಗುರುತು ನೋಡಿಯೇ ರೋಗ ಹೇಳಬಹುದು. ಪ್ರತಿ ಸಲ ಅದೇ ಜಾಗದಲ್ಲಿ ತೆಳು ಗೆರೆ ಉಳಿದರೆ ರಬ್ಬರ್ ಹರಿದಿದೆ ಅಥವಾ ಕಸ ಸಿಕ್ಕಿದೆ. ಟರ್ರ್ ಟರ್ರ್ ಅಂತ ಕುಣಿದರೆ ರಬ್ಬರ್ ಗಟ್ಟಿಯಾಗಿದೆ, ಇಲ್ಲವೇ ಗಾಜಿನ ಮೇಲೆ ಜಿಡ್ಡಿದೆ, ಅಥವಾ ತೋಳು ಸ್ವಲ್ಪ ತಿರುಚಿಕೊಂಡು ಬ್ಲೇಡ್ ಓರೆಯಾಗಿ ಕೂತಿದೆ. ಒರೆಸಿದ ಮೇಲೂ ತೆಳು ಮಂಜಿನಂಥ ಪಟ್ಟೆ ಉಳಿದರೆ ಅದು ಜಿಡ್ಡು. ಒಂದು ಭಾಗ ಪೂರ್ತಿ ಒದ್ದೆಯಾಗೇ ಉಳಿದರೆ ಬ್ಲೇಡ್ ಅಲ್ಲಿ ಗಾಜಿಗೆ ತಾಗುತ್ತಿಲ್ಲ, ಸ್ಪ್ರಿಂಗ್ ಸಡಿಲವಾಗಿರಬಹುದು.

ಹೊಸ ಬ್ಲೇಡ್ ತರುವ ಮೊದಲು ಹಳೆಯದನ್ನು ಒರೆಸಿ ನೋಡಿ. ತೋಳು ಎತ್ತಿ, ಒದ್ದೆ ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ರಬ್ಬರ್ ಅಂಚಿನುದ್ದಕ್ಕೂ ಎಳೆಯಿರಿ. ಮೊದಲ ಸಲ ಬಟ್ಟೆ ಮಸಿಯಂತೆ ಕಪ್ಪಾಗುತ್ತದೆ. ಕಪ್ಪು ಬರುವುದು ನಿಲ್ಲುವವರೆಗೂ ಒರೆಸಿ. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಎತ್ತಿದ ತೋಳು ಜಾರಿ ಬಿದ್ದರೆ ಗಾಜು ಒಡೆಯಬಹುದು, ಕೈ ಬಿಡಬೇಡಿ. ಬಿಸಿಲಿಗೆ ನಿಲ್ಲುವ ಗಾಡಿಯಲ್ಲಿ ರಬ್ಬರ್ ಬೇಗ ಗಟ್ಟಿಯಾಗುತ್ತದೆ. ಆರು ತಿಂಗಳಿಂದ ಒಂದು ವರ್ಷದೊಳಗೆ ಬದಲಿಸುವುದು ಒಳ್ಳೆಯದು, ಮಳೆಗಾಲ ಶುರುವಾಗುವ ಮೊದಲೇ ಆದರೆ ಇನ್ನೂ ಒಳ್ಳೆಯದು. ಒಣ ಗಾಜಿನ ಮೇಲೆ ವೈಪರ್ ಆಡಿಸಬೇಡಿ. ಮೊದಲು ಗಾಜಿಗೆ ಚಿಮ್ಮುವ ವಾಶರ್ ನೀರು, ಆಮೇಲೆ ವೈಪರ್.

ವಾಶರ್ ಟ್ಯಾಂಕಿಗೆ ಅದಕ್ಕೆಂದೇ ಮಾಡಿದ ದ್ರವವನ್ನೇ ಹಾಕಿ. ಪಾತ್ರೆ ಸೋಪು ಹಾಕಿದರೆ ನೊರೆ ಬಂದು ಗಾಜಿನ ಮೇಲೆ ಪಟ್ಟೆ ಉಳಿಯುತ್ತದೆ. ಬರೀ ನೀರು ಜಿಡ್ಡು ತೆಗೆಯುವುದಿಲ್ಲ, ಬೆಚ್ಚಗೆ ನಿಂತ ನೀರಿನಲ್ಲಿ ಶ್ವಾಸಕೋಶದ ಕಾಯಿಲೆ ತರುವ ಲೀಜನೆಲ್ಲಾದಂಥ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವೂ ಇದೆ.

ಮಳೆ ಲೇಪ ಹಚ್ಚುವುದಾದರೆ ನೆರಳಲ್ಲಿ, ಒಣಗಿದ ತಣ್ಣನೆಯ ಗಾಜಿಗೆ ಹಚ್ಚಿ. ಸ್ವಲ್ಪ ಸ್ವಲ್ಪ ಜಾಗ ಹಿಡಿದು ಸುತ್ತು ಸುತ್ತಾಗಿ ಸವರಿ, ಮಂಜಿನಂತೆ ಆದಾಗ ಬೇರೆ ಶುಭ್ರ ಬಟ್ಟೆಯಿಂದ ಒರೆಸಿ. ಸರಿಯಾಗಿ ಒರೆಸದೆ ಬಿಟ್ಟರೆ ವೈಪರ್ ಕುಣಿಯುತ್ತದೆ. ಹೆದ್ದಾರಿಯ ವೇಗದಲ್ಲಿ ಇದರ ಉಪಯೋಗ ಚೆನ್ನಾಗಿ ಕಾಣುತ್ತದೆ, ನಿಧಾನಕ್ಕೆ ಹೋಗುವಾಗ ವೈಪರ್ ಬೇಕೇ ಬೇಕು. ಪಕ್ಕದ ಕಿಟಕಿಗಳ ಹೊರಬದಿಗೂ ಹಚ್ಚಿ, ಸೈಡ್ ಮಿರರ್ ಸರಿಯಾಗಿ ಕಾಣಲು ಅದು ಅಷ್ಟೇ ಮುಖ್ಯ.

## ಕಾರಿನ ಗಾಜು: ಒಳಗೆ

ಒಳಬದಿಯ ಗಾಜನ್ನು ನಾವು ಮರೆತೇಬಿಡುತ್ತೇವೆ. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಬಿಸಿಲಿಗೆ ಕಾದಾಗ ಅದರಿಂದ ಆವಿ ಎದ್ದು ಗಾಜಿನ ಮೇಲೆ ಜಿಡ್ಡಾಗಿ ಕೂರುತ್ತದೆ. ಆ ಜಿಡ್ಡಿನ ಮೇಲೆ ಹಬೆ ಇನ್ನೂ ಬೇಗ ಹಿಡಿಯುತ್ತದೆ. ಎರಡು ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ, ಒಂದು ಒದ್ದೆ, ಒಂದು ಒಣ. ಒಳಗೆ ಅಡ್ಡಡ್ಡ ಒರೆಸಿ, ಹೊರಗೆ ಉದ್ದುದ್ದ ಒರೆಸಿ. ಆಮೇಲೆ ಪಟ್ಟೆ ಕಂಡರೆ ಅದು ಯಾವ ಬದಿಯದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ.

ಓಡುವಾಗ ಒಳಗೆ ಹಬೆ ಕಟ್ಟಿದರೆ ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಆರಿಸಿ ಹೊರಗಿನ ಗಾಳಿ ಬರಲು ಬಿಡಿ. ಎಸಿ ಇಲ್ಲಿ ಬೇಕಾಗಿರುವುದು ತಂಪಿಗಲ್ಲ. ಅದು ಗಾಳಿಯ ತೇವವನ್ನು ನೀರಾಗಿಸಿ ಕಾರಿನ ಕೆಳಗೆ ಹರಿಸಿಬಿಡುತ್ತದೆ, ಗಾಜಿಗೆ ಒಣ ಗಾಳಿ ಬರುತ್ತದೆ. ಚಳಿಯಾದರೆ ಎಸಿ ಆರಿಸಬೇಡಿ, ಜೊತೆಗೆ ಹೀಟರ್ ಕೂಡ ಹಾಕಿ. ಒಣಗಿದ ಬಿಸಿ ಗಾಳಿಯಷ್ಟು ಬೇಗ ಹಬೆ ತೆಗೆಯುವುದು ಬೇರೆ ಇಲ್ಲ.

ಸೆಕೆ ಇರುವ ಕಡೆ ಮಳೆ ಬಂದಾಗ ಕೆಲವೊಮ್ಮೆ ಇದೇ ಕ್ರಮದಿಂದ ಮಬ್ಬು ಜಾಸ್ತಿಯಾಗುತ್ತದೆ. ಆಗ ವೈಪರ್ ಹಾಕಿ ನೋಡಿ. ಮಬ್ಬು ಹೋಯಿತಾ? ಹಾಗಾದರೆ ಅದು ಹೊರಗಿನದು. ಎಸಿಯ ತಣ್ಣನೆ ಗಾಳಿ ಗಾಜನ್ನು ತಣ್ಣಗೆ ಮಾಡಿದೆ, ಹೊರಗಿನ ಬೆಚ್ಚನೆಯ ತೇವದ ಗಾಳಿ ಅದಕ್ಕೆ ತಾಗಿ ಹಬೆಯಾಗಿದೆ. ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿ, ಎಸಿ ತಂಪು ಸ್ವಲ್ಪ ಕಡಿಮೆ ಮಾಡಿ.

ಏನು ಮಾಡಿದರೂ ಒಳಗಿನ ಹಬೆ ಬಿಡುತ್ತಿಲ್ಲ ಅಂದರೆ ಕಾಲಡಿಯ ಮ್ಯಾಟ್ ಎತ್ತಿ ಕೈ ಇಟ್ಟು ನೋಡಿ. ಕಾರ್ಪೆಟ್ ಒದ್ದೆ ಇದ್ದರೆ ಅಷ್ಟೂ ತೇವ ಗಾಜಿಗೇ ಬರುತ್ತದೆ. ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಗಾಳಿ ಸಾಕಾಗುವುದಿಲ್ಲ. ಸಿಹಿ ವಾಸನೆ ಜೊತೆ ಜಿಡ್ಡು ಹಬೆ ಬರುತ್ತಿದ್ದರೆ ಹೀಟರ್‌ನಿಂದ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೋರುತ್ತಿರಬಹುದು, ಮೆಕ್ಯಾನಿಕ್‌ಗೆ ತೋರಿಸಿ.

## ಓಡುವಾಗ ಇದ್ದಕ್ಕಿದ್ದಂತೆ ಕಾಣದಾದರೆ

ಲಾರಿಯನ್ನು ಹಿಂದಿಕ್ಕುವಾಗ ಬರುವ ನೀರು ಒಂದೆರಡು ಸೆಕೆಂಡು ಏನೂ ಕಾಣದ ಹಾಗೆ ಮಾಡಬಹುದು. ಅದರ ಪಕ್ಕಕ್ಕೆ ಹೋಗುವ ಮೊದಲೇ ವೈಪರ್ ಜೋರು ಮಾಡಿ. ಬೈಕಿನಲ್ಲಿದ್ದರೆ ಹಿಂದಿಕ್ಕುವ ಆತುರ ಬೇಡ, ಅಂತರ ಜಾಸ್ತಿ ಬಿಟ್ಟು ಹಿಂದೆಯೇ ಇರಿ.

ಪೂರ್ತಿ ಮಬ್ಬಾಗಿಬಿಟ್ಟರೆ ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ. ಹಿಂದಿನವರಿಗೂ ನಿಮ್ಮಷ್ಟೇ ಕಾಣುತ್ತಿರುತ್ತದೆ. ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಬೈಕಿನಲ್ಲಿ ವೈಸರ್ ಒಂದು ಹಲ್ಲು ಎತ್ತಿ, ಕಾರಿನಲ್ಲಿ ಪಕ್ಕದ ಕಿಟಕಿ ಸ್ವಲ್ಪ ಇಳಿಸಿ, ಗಾಳಿ ಒಳಗೆ ಬಂದರೆ ಹಬೆ ಒಡೆಯುತ್ತದೆ. ಇಂಡಿಕೇಟರ್ ಹಾಕಿಕೊಂಡು ಅಂಚಿಗೆ ಬನ್ನಿ. ರಸ್ತೆಯ ಟಾರು ಬಿಟ್ಟು ಪೂರ್ತಿ ಕೆಳಗಿಳಿದು ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ. ಸೀಟಿನ ಕೆಳಗೆ ಒಂದು ಒಣ ಮೈಕ್ರೋಫೈಬರ್ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದರೆ ಅದನ್ನು ತೆಗೆಯಿರಿ, ಒಳಬದಿ ಮೊದಲು, ಹೊರಬದಿ ಆಮೇಲೆ ಒರೆಸಿ. ಹೊರಗಿನ ಕೊಳೆ ಹಿಡಿದ ಬಟ್ಟೆಯನ್ನು ಮತ್ತೆ ಒಳಗೆ ಆಡಿಸಬೇಡಿ.